ದೊರೆಯ ಬಾಣಂತನ

ಆ ಮನೆಯಲ್ಲಿ ಮಲಗುವ ಕೋಣೆ ಎರಡು. ಒಂದರಲ್ಲಿ ದರ್ಜಿ ಮತ್ತು ಅವನ ಹೆಂಡತಿ ಮಲಗುತ್ತಿದ್ದರು, ಇನ್ನೊಂದರಲ್ಲಿ ಮೀನುಗಳು. ದರ್ಜಿಯ ತಾಯಿ ನಡುಮನೆಯಲ್ಲಿ ಟಿವಿ ಪಕ್ಕ ಮಂಚ ಹಾಕಿಕೊಂಡಿದ್ದಳು. ಹಾಲಿನವನಿಂದ ಹಿಡಿದು ಮೀಟರ್ ಓದುವವನವರೆಗೆ ಬಾಗಿಲಿಗೆ ಬಂದವರೆಲ್ಲ ಮೊದಲು ನೋಡುತ್ತಿದ್ದದ್ದು ಅವಳ ಅಂಗಾಲು.

"ಪ್ರದರ್ಶನದ ಮೀನು ಒಳಗೆ, ನಾನು ಹೊರಗೆ. ಚೆನ್ನಾಗಿದೆ ನ್ಯಾಯ," ಎಂದು ಅಜ್ಜಿ ದಿನಕ್ಕೊಂದು ಸಲವಾದರೂ ಅನ್ನುತ್ತಿದ್ದಳು. ಹದಿನಾಲ್ಕರ ಮೊಮ್ಮಗಳು ಅದೇ ನಡುಮನೆಯ ಇನ್ನೊಂದು ಮೂಲೆಯಲ್ಲಿ ಹಾಸಿಗೆ ಬಿಚ್ಚುತ್ತಿದ್ದವಳು, ಆ ಮಾತನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು.

ಅಜ್ಜಿ ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವಳು. ಮಗುವನ್ನು ಒರೆಸಿ, ಸುತ್ತಿ, ಬಾಗಿಲು ತೆರೆದು ಆಚೆ ಕಾದವರಿಗೆ "ತಾಯಿ ಮಗು ಕ್ಷೇಮ" ಅನ್ನುವುದು ಅವಳ ಕೆಲಸ. ಗಂಡಸರು ಅಂದರೆ ಅವಳ ಪಾಲಿಗೆ ಬಾಗಿಲಾಚೆ ಬೆಂಚಿನ ಮೇಲೆ ಕೂತು ಉಗುರು ಕಚ್ಚುವ ಜಾತಿ. ಅವರಿಂದ ಬೇರೇನೂ ಆಗುವುದಿಲ್ಲ ಅಂತ ಅವಳು ಎಂದೋ ತೀರ್ಮಾನ ಮಾಡಿಬಿಟ್ಟಿದ್ದಳು.

ಮೀನಿನ ಕೋಣೆಯಲ್ಲಿ ಮೂರು ಗಾಜಿನ ತೊಟ್ಟಿ. ದೊಡ್ಡದರಲ್ಲಿ ಒಂಟಿಯಾಗಿ ಇದ್ದವನು ದೊರೆ. ಡಿಸ್ಕಸ್ ಅನ್ನುವ ಜಾತಿ, ತಿಂಡಿ ತಟ್ಟೆಯಷ್ಟು ದುಂಡಗೆ, ಅಷ್ಟೇ ತೆಳ್ಳಗೆ, ಕಿತ್ತಳೆ ಮೈಮೇಲೆ ನೀಲಿ ಗೆರೆ, ಕೆಂಪು ಕಣ್ಣು. ನಾಣ್ಯದಷ್ಟಿದ್ದಾಗ ತಂದು ದರ್ಜಿ ಮೂರು ವರ್ಷ ಸಾಕಿದ್ದ. ಮಧ್ಯದ ತೊಟ್ಟಿಯಲ್ಲಿ ಎಂಟು ಪುಂಡ ಮರಿಗಳು. ಬಾಗಿಲ ಹತ್ತಿರದ ಸಣ್ಣ ತೊಟ್ಟಿಯಲ್ಲಿ ಎಲ್ಲರಿಂದ ಕಚ್ಚಿಸಿಕೊಂಡು ಬಂದ ಒಂದು ಹೆಣ್ಣು. ಎದೆಯ ರೆಕ್ಕೆ ಸೊಟ್ಟಗಿದ್ದದ್ದರಿಂದ ಮೊಮ್ಮಗಳು ಅದಕ್ಕೆ ಸೊಟ್ಟಿ ಅಂತ ಹೆಸರಿಟ್ಟಿದ್ದಳು.

ದೊರೆಗೆ ದಿನಕ್ಕೆ ನಾಲ್ಕು ಊಟ, ಎರಡು ಸಲ ನೀರು ಬದಲಾವಣೆ. ಸಿಗಡಿಯನ್ನೂ ಬಟಾಣಿಯನ್ನೂ ದರ್ಜಿ ಮಿಕ್ಸಿಯಲ್ಲಿ ರುಬ್ಬಿ, ಅಂಗಿಯ ಅಳತೆ ತೆಗೆದಷ್ಟೇ ನಿಖರವಾಗಿ ಚೂರು ಮಾಡಿ ಫ್ರಿಜ್ಜಿನಲ್ಲಿ ಇಡುತ್ತಿದ್ದ.

"ಆ ಜಾರಲ್ಲಿ ನಾನು ಇನ್ನು ಏನು ರುಬ್ಬಲಿ?" ಎಂದು ಹೆಂಡತಿ ಕೇಳುತ್ತಿದ್ದಳು. ಅವಳು ಬೇಕರಿಯ ಕೌಂಟರಿನಲ್ಲಿ ನಿಲ್ಲುವವಳು. ಬೆಳಿಗ್ಗೆ ಏಳಕ್ಕೆ ಹೋದರೆ ಮೂರಕ್ಕೆ ಬರುತ್ತಿದ್ದಳು.

"ತೊಳೆದಿದ್ದೀನಿ."

"ವಾಸನೆ ತೊಳೆದಿಲ್ಲ."

ಸಂಜೆ ಆರಕ್ಕೆ ಮನೆಮಂದಿಯೆಲ್ಲ ಮೀನಿಗೆ ಹಾಜರಾಗಬೇಕು. ಈ ಜಾತಿಗೆ ಪುಕ್ಕಲುತನ ಹೆಚ್ಚು. ವರ್ಷಕ್ಕೊಮ್ಮೆ ನಡೆಯುವ ಮೀನಿನ ಸ್ಪರ್ಧೆಯಲ್ಲಿ ಅಂಕ ಕೊಡುವ ಬಿಳಿ ಕೋಟಿನವರು ಕೈಯಲ್ಲಿ ಹಲಗೆ ಹಿಡಿದು ಹತ್ತಿರ ಬಂದರೆ ಮೂಲೆ ಸೇರಿಬಿಡುತ್ತವೆ, ಅಂಕ ಹೋಗುತ್ತದೆ. ಹಾಗಾಗಿ ದರ್ಜಿ ತಾಯಿಗೆ ಅವಳ ಹಳೇ ವಾರ್ಡಿನ ಬಿಳಿ ಕೋಟು ಹಾಕಿಸಿ, ಮಗಳ ಕೈಗೆ ಪರೀಕ್ಷೆಯ ಪ್ಯಾಡ್ ಕೊಟ್ಟು, ಹೆಂಡತಿಯ ಕೈಗೆ ಟಾರ್ಚ್ ಕೊಟ್ಟು ತೊಟ್ಟಿಯ ಮುಂದೆ ಅತ್ತಿಂದಿತ್ತ ನಡೆಸುತ್ತಿದ್ದ. ದೊರೆ ಮೊದಮೊದಲು ಹೀಟರಿನ ಹಿಂದೆ ಅಡಗುತ್ತಿದ್ದವನು, ಈಗ ನಟ್ಟನಡುವೆ ನಿಂತು ರೆಕ್ಕೆ ಬಿಚ್ಚಿ ಅಜ್ಜಿಯನ್ನೇ ದಿಟ್ಟಿಸುತ್ತಿದ್ದ.

"ನನ್ನ ಮಗ ಅಕ್ಕಪಕ್ಕದವರು ಬಂದರೆ ಕರ್ಟನ್ ಹಿಂದೆ ಸೇರ್ತಿದ್ದ. ಇದಕ್ಕಿರೋ ಧೈರ್ಯ ಅವನಿಗಿರಲಿಲ್ಲ," ಎಂದಳು ಅಜ್ಜಿ ಒಮ್ಮೆ.

"ಅಮ್ಮಾ, ನಡಿ. ಮಾತಾಡಬೇಡ. ಜಡ್ಜ್‌ಗಳು ಮಾತಾಡಲ್ಲ."

ಸ್ಪರ್ಧೆಗೆ ಒಂದು ತಿಂಗಳಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಮಂಡಿ ಹಿಡಿದುಕೊಂಡು ಏಳಲಾರದೆ ಎದ್ದದ್ದನ್ನು ಸೊಸೆ ನೋಡಿದಳು. ಅನ್ನ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟಳು.

"ಇವತ್ತು ಒಂದು ಇತ್ಯರ್ಥ ಆಗಿಬಿಡಲಿ. ಮೂರು ವರ್ಷದಿಂದ ಮುಂದಿನ ವರ್ಷ, ಮುಂದಿನ ವರ್ಷ ಅಂತಿದ್ದೀರಿ. ಈ ಸಲ ಕಪ್ ಬಂದರೆ ರೂಮು ಮೀನಿಗೆ, ನಾನು ಬಾಯಿ ಬಿಡಲ್ಲ. ಬರದಿದ್ದರೆ ತೊಟ್ಟಿ ಎಲ್ಲ ಖಾಲಿ, ರೂಮು ಅತ್ತೆಗೆ."

ದರ್ಜಿ ತುತ್ತು ನುಂಗಿ ನೀರು ಕುಡಿದ. "ಆಯ್ತು. ಮಾತು ಅಂದರೆ ಮಾತು."

"ನನ್ನನ್ನ ಯಾಕೆ ಪಣಕ್ಕಿಡ್ತೀರಿ?" ಎಂದಳು ಅಜ್ಜಿ. ಆದರೆ ಅವಳ ಮುಖ ಅರಳಿತ್ತು, ಸುಳ್ಳೇಕೆ ಹೇಳಬೇಕು. ಬಾಗಿಲು ಹಾಕಿಕೊಂಡು ಮಲಗುವ ಸುಖ ನೆನೆದು ಆ ರಾತ್ರಿ ಅವಳಿಗೆ ನಿದ್ದೆ ಬೇಗ ಬಂತು.

ಮುಂದಿನ ವಾರ ದರ್ಜಿಗೆ ದೂರದ ಊರಿನ ಹೋಟೆಲೊಂದರಿಂದ ಕರೆ ಬಂತು. ಅಲ್ಲಿನ ಕೆಲಸದವರಿಗೆಲ್ಲ ಸಮವಸ್ತ್ರ ಹೊಲಿಯಬೇಕು, ಅಳತೆ ತೆಗೆಯಲು ಬರಬೇಕು. ಹೋಗಲೇಬೇಕಾದ ಕೆಲಸ. ಹೋಗುವ ಮುಂಚೆ ಅವನು ಪ್ಯಾಂಟಿನ ಅಳತೆ ಬರೆಯುವ ಕಾಗದದಲ್ಲಿ ಗಂಟೆಗಂಟೆಯ ಕೆಲಸ ಬರೆದು ಗೋಡೆಗೆ ಗುಂಡುಸೂಜಿ ಚುಚ್ಚಿದ.

"ನಲ್ಲಿ ನೀರು ನೇರ ಹಾಕಬೇಡ. ಡ್ರಮ್ಮಲ್ಲಿ ಒಂದು ದಿನ ನಿಂತಿರೋ ನೀರೇ ಹಾಕಬೇಕು. ಚಿಕ್ಕಪುಟ್ಟದಕ್ಕೆಲ್ಲ ಫೋನ್ ಮಾಡಬೇಡ, ಕೆಲಸದಲ್ಲಿ ಇರ್ತೀನಿ. ಅಮ್ಮಾ, ಇವನನ್ನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯಬೇಕು."

"ನಿನ್ನನ್ನ ಕಾಯ್ದಿದ್ದೀನಿ, ಇದೇನು ಮಹಾ."

ಅವನು ಬಸ್ಸು ಹತ್ತಿದ ಸಂಜೆಯೇ ಸಣ್ಣ ತೊಟ್ಟಿಯ ಅಂಟು ಬಿಟ್ಟಿತು. ನೀರು ಸೋರಿ ನೆಲವೆಲ್ಲ ಹರಡಿತು. ಸೊಟ್ಟಿ ಒಂದು ಪಕ್ಕಕ್ಕೆ ವಾಲಿ ಉಸಿರಾಡುತ್ತಿತ್ತು. ಸೊಸೆ ನೆಲ ಒರೆಸಿದಳು, ಮೊಮ್ಮಗಳು ಬಕೆಟ್ ತಂದಳು, ಅಜ್ಜಿ ಮೀನನ್ನು ಬಲೆಯಲ್ಲಿ ಎತ್ತಿಕೊಂಡು ಯೋಚಿಸಿದಳು. ಪುಂಡರ ತೊಟ್ಟಿಗೆ ಹಾಕಿದರೆ ಬೆಳಗಾಗುವುದರೊಳಗೆ ಕಚ್ಚಿ ಮುಗಿಸುತ್ತವೆ. ಬಕೆಟ್ಟಿನಲ್ಲಿ ಬಿಟ್ಟರೆ ತಣ್ಣಗೆ ಕೊರೆಯುತ್ತದೆ. ಉಳಿದದ್ದು ದೊರೆಯ ಅರಮನೆ.

"ಅಪ್ಪ ಬೈತಾರೆ ಅಜ್ಜಿ. ಮುಂಚೆ ಬಿಟ್ಟ ಹೆಣ್ಣುಗಳನ್ನೆಲ್ಲ ಇವನು ಅಟ್ಟಾಡಿಸಿದ್ದ. ಒಂದು ಸತ್ತೇ ಹೋಗಿತ್ತು."

"ಮೂರು ದಿನ ತಾನೆ? ಬಲೆ ಹಿಡ್ಕೊಂಡು ಇಲ್ಲೇ ಕೂತಿರ್ತೀನಿ. ಬಾಲ ಬಿಚ್ಚಿದರೆ ನೋಡ್ಕೋತೀನಿ."

ಹೆಣ್ಣಿಗೆ ಮರೆಯಾಗಲೆಂದು ಕಿಟಕಿಯ ಮೇಲಿದ್ದ ಖಾಲಿ ಮಣ್ಣಿನ ಕುಂಡವನ್ನು ತೊಳೆದು ತೊಟ್ಟಿಯಲ್ಲಿ ಬೋರಲು ಹಾಕಿದಳು. ನೆಲ ತೊಳೆದದ್ದಕ್ಕೆ ಡ್ರಮ್ಮಿನ ತಳ ಕಂಡಿತ್ತು. ಅಡುಗೆಮನೆಯ ಫಿಲ್ಟರಿನಿಂದ ತಂಬಿಗೆ ತಂಬಿಗೆ ನೀರು ಹೊತ್ತು ಸುರಿದಳು. ಮಾರನೆಯ ದಿನವೂ ಅದನ್ನೇ ಮಾಡಿದಳು, ಅದರ ಮಾರನೆಯ ದಿನವೂ.

"ಅತ್ತೇ, ಮನೇಲಿ ಕುಡಿಯೋಕೆ ಒಂದು ಲೋಟ ನೀರಿಲ್ಲ," ಎಂದಳು ಸೊಸೆ ಕೆಲಸದಿಂದ ಬಂದವಳು.

"ಚಹಾ ಕುಡಿ."

ದೊರೆ ಅಟ್ಟಾಡಿಸಲಿಲ್ಲ. ಸೊಟ್ಟಿಯ ಎದುರು ಬಂದು ತಲೆಬಾಗಿಸಿದ, ಮೈ ನಡುಗಿಸಿದ, ಹಿಂದೆ ಸರಿದ. ಸೊಟ್ಟಿಯೂ ತಲೆಬಾಗಿಸಿತು. ಅಜ್ಜಿ ಬಲೆ ಕೆಳಗಿಟ್ಟು ಅವರೆ ಸುಲಿಯುತ್ತ ಕೂತಳು. ಜಗಳ ಆಡದಿದ್ದರೆ ಸಾಕು ಅಂದುಕೊಂಡಳು. ಜಗಳ ಆಡದವರು ಮತ್ತೇನು ಮಾಡುತ್ತಾರೆ ಅಂತ, ಮೂವತ್ತೊಂದು ವರ್ಷ ಆ ವಾರ್ಡಿನಲ್ಲೇ ಇದ್ದವಳಿಗೂ ಹೊಳೆಯಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ದರ್ಜಿ ಬಂದ. ಚಪ್ಪಲಿ ಬಿಟ್ಟವನು ನೇರ ಕೋಣೆಗೆ ಹೋದ. ಅಜ್ಜಿ ಹೋಗಿ ನೋಡಿದರೆ ಅವನು ನೆಲದ ಮೇಲೆ ಕೂತುಬಿಟ್ಟಿದ್ದ. ಕುಂಡದ ಮೇಲೆ ಇನ್ನೂರು ಮೊಟ್ಟೆ, ಗಸಗಸೆ ಅಂಟಿಸಿದ ಹಾಗೆ ಸಾಲುಸಾಲಾಗಿ. ದೊರೆ ಎದೆರೆಕ್ಕೆಯಿಂದ ಅವಕ್ಕೆ ಗಾಳಿ ಹಾಕುತ್ತಿದ್ದ.

"ಯಾರು ಇದನ್ನ ಇವನ ಹತ್ರ ಬಿಟ್ಟಿದ್ದು?"

"ನಾನೇ. ತೊಟ್ಟಿ ಸೋರ್ತು ಕಣೋ, ಅದಕ್ಕೆ..."

"ಸ್ಪರ್ಧೆಗೆ ಇಪ್ಪತ್ತು ದಿನ ಇದೆ, ಅಮ್ಮಾ. ಇನ್ನು ಐದಾರು ದಿನಕ್ಕೆ ಮರಿ ಈಜುತ್ತೆ. ಆ ಮರಿ ತಿನ್ನೋದು ಏನು ಗೊತ್ತಾ? ಅಪ್ಪ ಅಮ್ಮನ ಮೈ. ಮೈಮೇಲೆ ಬರೋ ಲೋಳೆನೇ ಅವಕ್ಕೆ ಹಾಲು. ಕಚ್ಚಿ ಕಚ್ಚಿ ಗೀರು ಬೀಳುತ್ತೆ, ಬಣ್ಣ ಕಪ್ಪಾಗುತ್ತೆ. ಆ ಮೈ ತಗೊಂಡು ಹೋದರೆ ನಗ್ತಾರೆ."

"ನಂಗೆ ಗೊತ್ತಿರಲಿಲ್ಲ."

ದರ್ಜಿ ಎದ್ದು ನಿಂತ. "ಕಪ್ ಬರದಿದ್ದರೆ ರೂಮು ಯಾರಿಗೆ ಅನ್ನೋದು ಗೊತ್ತಿತ್ತಲ್ಲ."

ಬಾಗಿಲಲ್ಲಿದ್ದ ಸೊಸೆ "ರೀ" ಅಂದಳು. ಅಷ್ಟರಲ್ಲಿ ಮಾತು ಆಡಿ ಆಗಿತ್ತು.

"ರೂಮಿಗೋಸ್ಕರ ಮಾಡಿದೆ ಅಂತೀಯಾ?" ಎಂದಳು ಅಜ್ಜಿ.

"ನಾನೇನೂ ಅನ್ನಲಿಲ್ಲ."

"ಅಂದೆ. ಈಗ ತಾನೆ ಅಂದೆ. ಮೂವತ್ತೊಂದು ವರ್ಷ ಊರವರ ಮಕ್ಕಳನ್ನ ಈ ಕೈಲಿ ಎತ್ತಿಕೊಟ್ಟಿದ್ದೀನಿ. ಒಂದು ಮಗು ಅದಲುಬದಲಾಗಿಲ್ಲ, ಯಾರದೂ ಒಂದು ಉಂಗುರ ಕಾಣೆಯಾಗಿಲ್ಲ. ಇವತ್ತು ನನ್ನ ಹೊಟ್ಟೇಲಿ ಹುಟ್ಟಿದೋನು ನನ್ನನ್ನ ಕಳ್ಳಿ ಮಾಡಿದ. ನಿನ್ನ ರೂಮು ನಂಗೆ ಬೇಡ ಕಣೋ. ಬೀದೀಲಿ ಮಲಗ್ತೀನಿ, ಆ ಮಾತು ಹೊತ್ಕೊಂಡು ಆ ರೂಮಲ್ಲಿ ಮಲಗಲ್ಲ."

ಆವತ್ತಿಂದ ತಾಯಿ ಮಗನ ನಡುವೆ ಮಾತು ನಿಂತಿತು. ಇಬ್ಬರ ಮಧ್ಯೆ ಅಂಚೆಯವಳ ಕೆಲಸ ಮೊಮ್ಮಗಳಿಗೆ ಬಿತ್ತು.

"ನಿಮ್ಮಪ್ಪನಿಗೆ ಹೇಳು, ಬೇಳೆ ಆರಿ ಹೋಗ್ತಿದೆ ಅಂತ."

"ಅಪ್ಪಾ, ಬೇಳೆ ಆರಿ ಹೋಗ್ತಿದೆಯಂತೆ."

"ಕೇಳಿಸ್ತು ಅಂತ ಹೇಳು."

"ಕೇಳಿಸ್ತಂತೆ ಅಜ್ಜಿ. ಅಜ್ಜಿಗೂ ಕೇಳಿಸ್ತಂತೆ ಅಪ್ಪಾ. ನಾನು ಊಟ ಮಾಡ್ಲಾ?"

ದರ್ಜಿ ಸುಮ್ಮನೆ ಕೂರಲಿಲ್ಲ. ತೊಟ್ಟಿಯ ನಡುವೆ ಪ್ಲಾಸ್ಟಿಕ್ ಜಾಲರಿ ನಿಲ್ಲಿಸಿ ದೊರೆಯನ್ನು ಒಂದು ಕಡೆ, ಮೊಟ್ಟೆಯನ್ನೂ ಸೊಟ್ಟಿಯನ್ನೂ ಇನ್ನೊಂದು ಕಡೆ ಮಾಡಿದ. ಸೊಟ್ಟಿಗೆ ಇದು ಚೊಚ್ಚಲು. ಗಾಬರಿಯಾಗಿ ಮೂಲೆ ಸೇರಿತು. ದೊರೆ ಜಾಲರಿಗೆ ಮೂತಿ ಗುದ್ದಿಕೊಂಡ, ಸಿಗಡಿಯ ಚೂರು ಕಣ್ಣೆತ್ತಿಯೂ ನೋಡಲಿಲ್ಲ. ಎರಡು ಹೊತ್ತು ಉಪವಾಸ ಬಿದ್ದದ್ದೇ ದರ್ಜಿಗೆ ಕೈಕಾಲು ಆಡಲಿಲ್ಲ. ತಿನ್ನದಿದ್ದರೆ ದುಂಡುಮೈ ಇಳಿಯುತ್ತದೆ. ಮಾರನೆಯ ದಿನ ಜಾಲರಿ ತೆಗೆದ.

"ಮರಿ ಈಜೋ ತನಕ ಇರಲಿ. ಈಜಿದ ದಿನ ಇವನನ್ನ ಎತ್ತಿಬಿಡ್ತೀನಿ," ಎಂದ ಹೆಂಡತಿಗೆ.

"ಆಮೇಲೆ ಮರಿಗಳು?"

"ಅದರ ಅಮ್ಮ ನೋಡ್ಕೊಂಡರೆ ನೋಡ್ಕೊಳ್ಳಲಿ. ಇಲ್ಲದಿದ್ದರೆ ಏನು ಮಾಡೋದು."

ಹೆಂಡತಿ ಪಾತ್ರೆ ತೊಳೆದಳು. ಅಂದು ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡಿದವು.

ಅಜ್ಜಿ ಆ ಕೋಣೆಗೆ ಕಾಲಿಡುವುದಿಲ್ಲ ಅಂತ ಶಪಥ ಮಾಡಿದ್ದಳು. ಶಪಥ ಒಂದೂವರೆ ದಿನ ನಿಂತಿತು. ಮಗ ಅಂಗಡಿಗೆ ಹೋದ ಮೇಲೆ ಹೋಗಿ ಬಗ್ಗಿ ನೋಡುತ್ತಿದ್ದಳು. ಮೂರನೇ ದಿನ ಮೊಟ್ಟೆ ಒಡೆದು ಕುಂಡದ ಮೈತುಂಬ ಸಣ್ಣ ಬಾಲಗಳು ಮಿಡುಕಾಡುತ್ತಿದ್ದವು. ಒಂದು ಜಾರಿ ಕೆಳಗೆ ಬಿದ್ದರೆ ದೊರೆ ಅದನ್ನು ಬಾಯಲ್ಲಿ ಎತ್ತಿ ತಂದು, ಮೆಲ್ಲಗೆ ಉಗುಳಿ, ಮತ್ತೆ ಅದೇ ಜಾಗಕ್ಕೆ ಅಂಟಿಸುತ್ತಿದ್ದ. ಎರಡು ಬಿದ್ದರೆ ಎರಡು. ಇವನು ತಿಂದುಬಿಟ್ಟ ಅಂತ ಅಜ್ಜಿ ಮೊದಲ ಸಲ ಎದೆ ಹಿಡಿದುಕೊಂಡಿದ್ದಳು.

"ಇಷ್ಟು ಹುಷಾರಾಗಿ ನಮ್ಮ ನರ್ಸಮ್ಮನೂ ಎತ್ತುತ್ತಿರಲಿಲ್ಲ," ಎಂದಳು ಮೊಮ್ಮಗಳಿಗೆ. "ಇದನ್ನ ನಿಮ್ಮಪ್ಪನಿಗೆ ಹೇಳಬೇಡ."

ಆರನೇ ದಿನ ಬೆಳಿಗ್ಗೆ ಆರೂವರೆ. ಸೊಸೆ ಬೇಕರಿಗೆ ಹೊರಡಲು ಜಡೆ ಹಾಕಿಕೊಳ್ಳುತ್ತಿದ್ದಳು, ಮೊಮ್ಮಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಕೋಣೆಯಿಂದ ದರ್ಜಿ ಕೂಗಿದ. ಯಾರ ಹೆಸರೂ ಕೂಗಲಿಲ್ಲ, ಬರೀ "ಬನ್ನಿ" ಅಂದ.

ಅವನ ಕೈಯಲ್ಲಿ ಬಲೆ ಇತ್ತು. ಪಕ್ಕದಲ್ಲಿ ಬಿಸಿನೀರು ಬೆರೆಸಿ ಹದ ಮಾಡಿದ ಬಕೆಟ್ಟು. ದೊರೆಯನ್ನು ಎತ್ತಲು ಬಂದವನು ಬಲೆಯನ್ನು ನೀರಿಗೆ ತಾಗಿಸದೆ ನಿಂತಿದ್ದ.

ದೊರೆ ಕಪ್ಪಾಗಿದ್ದ. ಕಿತ್ತಳೆ ಬಣ್ಣ ಅನ್ನುವುದು ಇತ್ತು ಅಂತ ಹೇಳಿದರೆ ನಂಬುವ ಹಾಗಿರಲಿಲ್ಲ. ಆ ಕಪ್ಪು ಮೈಯ ಎರಡೂ ಕಡೆ, ಬೆನ್ನಿಂದ ಹೊಟ್ಟೆಯ ತನಕ, ರೆಪ್ಪೆಗೂದಲಿನ ತುಂಡಿನಂಥ ಮರಿಗಳು ನೂರಕ್ಕೂ ಹೆಚ್ಚು ಮೂತಿ ಊರಿಕೊಂಡು ನೇತಾಡುತ್ತಿದ್ದವು. ಒಂದೊಂದಕ್ಕೂ ಎರಡೆರಡು ಕಣ್ಣು. ಚಿಟುಕು ಚಿಟುಕು ಅಂತ ಅವನ ಮೈಯನ್ನೇ ಮೇಯುತ್ತಿದ್ದವು. ದೊರೆ ಒಂದಿಷ್ಟೂ ಅಲುಗಾಡದೆ ನಿಂತಿದ್ದ. ಇಷ್ಟು ದಿನ ಅವನಿಗೆ ನಿಲ್ಲುವುದನ್ನು ಕಲಿಸಿದ್ದು ಇವರೇ, ಆದರೆ ಹೀಗೆ ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ. ಸೊಟ್ಟಿ ಮಾತ್ರ ದೂರದ ಮೂಲೆಯಲ್ಲಿ, ಇದೆಲ್ಲ ನನ್ನಿಂದಾಗದು ಅನ್ನುವ ಹಾಗೆ ಬಾಯಿ ತೆರೆದು ಮುಚ್ಚುತ್ತಿತ್ತು.

"ಅಪ್ಪ ಹಾಲು ಕುಡಿಸ್ತಿದ್ದಾನೆ," ಎಂದಳು ಮೊಮ್ಮಗಳು.

"ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ," ಎಂದಳು ಸೊಸೆ. ನಗಲು ಹೋದಳು, ಆಗಲಿಲ್ಲ. ಅರ್ಧ ಹಾಕಿದ ಜಡೆ ಕೈಯಲ್ಲೇ ಇತ್ತು.

ಅಜ್ಜಿ ಗಾಜಿನ ಹತ್ತಿರ ಹೋದಳು. ಅವಳ ಮಂಡಿ ನೋವು ಅವಳಿಗೆ ನೆನಪಿರಲಿಲ್ಲ. ಅವಳು ಎಷ್ಟು ಸಾವಿರ ಮಕ್ಕಳು ಭೂಮಿಗೆ ಬಂದದ್ದನ್ನು ನೋಡಿದ್ದಳೋ ಲೆಕ್ಕವಿಲ್ಲ. ಹೆರಿಗೆ ಅಂದರೆ ಇನ್ನು ನೋಡುವುದೇನೂ ಉಳಿದಿಲ್ಲ ಅಂದುಕೊಂಡಿದ್ದಳು. ಅವಳ ಕೈಗಳು ತಾವಾಗಿ ಜೋಡಿಸಿಕೊಂಡವು.

ಆಗ ಸೊಟ್ಟಿ ಮೂಲೆಯಿಂದ ಮೆಲ್ಲಗೆ ಬಂದು ದೊರೆಯ ಪಕ್ಕ ನಿಂತಿತು. ದೊರೆ ಅದನ್ನು ನೋಡಿದ. ಒಂದು ಸಲ ಮೈ ಝಾಡಿಸಿ ಸರಕ್ಕನೆ ಪಕ್ಕಕ್ಕೆ ಸರಿದ. ಮರಿಗಳ ಹಿಂಡು ನೀರಲ್ಲಿ ಒಂದು ಕ್ಷಣ ದಿಕ್ಕು ತಪ್ಪಿ ಚದುರಿತು. ಆಮೇಲೆ ಎಲ್ಲವೂ ಒಟ್ಟಿಗೆ ತಿರುಗಿ ಹೋಗಿ ಸೊಟ್ಟಿಯ ಮೈಗೆ ಅಂಟಿಕೊಂಡವು. ಸೊಟ್ಟಿ ಬೆಚ್ಚಿತು, ಓಡಲಿಲ್ಲ.

"ಪಾಳಿ ಬದಲಾಯ್ತು," ಎಂದಳು ಅಜ್ಜಿ. "ಅಯ್ಯೋ ನನ್ನಪ್ಪಾ, ಪಾಳಿ ಬದಲಾಯಿಸ್ಕೊಂಡವು. ಯಾರು ಹೇಳಿಕೊಟ್ಟರೋ ಇವಕ್ಕೆ."

ಎತ್ತುವುದಾದರೆ ಅದೇ ಸಮಯ. ದೊರೆಯ ಮೈಮೇಲೆ ಒಂದೂ ಮರಿ ಇರಲಿಲ್ಲ, ಸ್ಪರ್ಧೆಗೆ ಇನ್ನೂ ಎರಡು ವಾರ ಇತ್ತು, ಬಣ್ಣ ಮರಳಲು ಸಾಕು. ಎಲ್ಲರಿಗೂ ಅದು ಗೊತ್ತಿತ್ತು. ಸೊಸೆ ಗಂಡನ ಕೈ ನೋಡಿದಳು. ದರ್ಜಿ ಬಲೆಯನ್ನು ಎತ್ತಿದ. ಎತ್ತಿ, ಗೋಡೆಯ ಮೊಳೆಗೆ ನೇತುಹಾಕಿದ.

"ನನ್ನಿಂದಾಗಲ್ಲ," ಎಂದ.

ತಾಯಿಯ ಕಡೆ ತಿರುಗದೆಯೇ ಕೇಳಿದ. ಆರು ದಿನದ ಮೇಲೆ ನೇರವಾಗಿ ಆಡಿದ ಮೊದಲ ಮಾತು ಅದು. "ಯಾವ ನೀರು ಹಾಕಿದ್ದೆ?"

"ಕುಡಿಯೋ ನೀರು."

"ಫಿಲ್ಟರಿಂದಾ?"

"ಇನ್ನೆಲ್ಲಿಂದ? ಡ್ರಮ್ಮು ಖಾಲಿ ಆಗಿತ್ತು. ಅಲ್ಲದೆ ಹೊಸಬಳು ಮನೆಗೆ ಬಂದಿದ್ದಾಳೆ, ಅವಳಿಗೆ ಡ್ರಮ್ಮಿನ ನೀರು ಕೊಡ್ತಾರೇನೋ?"

ದರ್ಜಿ ನೆಲದ ಮೇಲೆ ಕೂತ. ಬಕೆಟ್ಟಿಗೆ ಒರಗಿ ನಗಲು ಶುರುಮಾಡಿದ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ.

"ಅಮ್ಮಾ, ಎರಡು ವರ್ಷ ಒದ್ದಾಡಿದ್ದೀನಿ ಇವನಿಗೆ ಜೋಡಿ ಮಾಡೋಕೆ. ಐದು ಹೆಣ್ಣು ತಂದೆ. ಔಷಧಿ ಹಾಕಿದೆ, ಸೊಪ್ಪು ಹಾಕಿದೆ, ಊರೂರಿಗೆ ಫೋನ್ ಮಾಡಿ ಕೇಳಿದೆ. ಎಲ್ಲಾನೂ ಅಟ್ಟಿಬಿಟ್ಟ. ಆಮೇಲೆ ಆಸೆ ಬಿಟ್ಟು, ಸ್ಪರ್ಧೆಗಾದರೂ ಆಗಲಿ ಅಂದ್ಕೊಂಡೆ. ಫಿಲ್ಟರಿನ ನೀರು ಮೆದು, ಉಪ್ಪಿನಂಶ ಕಮ್ಮಿ, ಸ್ವಲ್ಪ ತಣ್ಣಗಿರುತ್ತೆ. ಇವಕ್ಕೆ ಅದು ಮಳೆ ಬಂದ ಹಾಗೆ, ಮಳೆಗಾಲದಲ್ಲೇ ಇವು ಮೊಟ್ಟೆ ಇಡೋದು. ನಂಗೆ ಹೊಳೀಲೇ ಇಲ್ಲ. ನೀನು ಬೇಕು ಅಂತ ಮಾಡಿದ್ದರೆ ಇದು ಆಗ್ತಾನೇ ಇರಲಿಲ್ಲ. ಬೇಕು ಅಂತ ಮಾಡಿ ನಾನೇ ಸೋತಿದ್ದೀನಿ."

ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅದನ್ನ ಇನ್ನೊಂದು ಸಲ ಹೇಳು."

"ನೀನು ಬೇಕು ಅಂತ ಮಾಡಲಿಲ್ಲ. ನಾನು ಆಡಿದ್ದು ತಪ್ಪು."

"ಪುಟ್ಟಾ, ನಿಮ್ಮಪ್ಪನಿಗೆ ಹೇಳು," ಎಂದು ಅಭ್ಯಾಸಬಲದಿಂದ ಮೊಮ್ಮಗಳ ಕಡೆ ತಿರುಗಿದವಳು ನಿಲ್ಲಿಸಿ, ಮಗನಿಗೇ ಹೇಳಿದಳು, "ಏಳು, ಚಹಾ ಕುಡಿ. ಬೆಳಿಗ್ಗೆಯಿಂದ ಬರೀ ಹೊಟ್ಟೇಲಿದ್ದೀಯ."

ಸೊಸೆ ಆ ದಿನ ಬೇಕರಿಗೆ ಅರ್ಧ ಗಂಟೆ ತಡವಾಗಿ ಹೋದಳು. ಮೀನು ಮರಿಗೆ ಹಾಲು ಕುಡಿಸುವುದನ್ನು ನೋಡುತ್ತ ನಿಂತೆ ಅಂದರೆ ಮಾಲೀಕ ನಂಬಲಿಲ್ಲ. ಸಂಬಳದಲ್ಲಿ ಹಿಡಿದುಕೊಳ್ಳುತ್ತೇನೆ ಅಂದ. ಹಿಡ್ಕೊಳ್ಳಿ ಅಂದಳು.

ಆಮೇಲಿನ ಎರಡು ವಾರ ಆ ಮನೆಯಲ್ಲಿ ಟಿವಿ ಹಾಕಿದವರಿಲ್ಲ. ಊಟದ ತಟ್ಟೆ ಹಿಡಿದುಕೊಂಡು ಎಲ್ಲರೂ ಆ ಕೋಣೆಯ ನೆಲದ ಮೇಲೆ ಕೂರುತ್ತಿದ್ದರು. ಮರಿಗಳು ದಿನದಿನಕ್ಕೆ ದುಂಡಗಾದವು. ದೊರೆಯ ಮೈ ದಿನದಿನಕ್ಕೆ ಹರಿದು ಹೋಯಿತು. ಎಡಗಡೆ ಉದ್ದಕ್ಕೆ ಬಿಳಿ ಗೀರು, ಬಾಲದ ಹತ್ತಿರ ಒಂದು ಗುಳಿ, ನೀಲಿ ಗೆರೆ ಎಲ್ಲೆಲ್ಲೋ ತುಂಡಾಗಿತ್ತು. ಪಕ್ಕದ ಬೀದಿಯಿಂದ ನೋಡಲು ಬಂದ ಇನ್ನೊಬ್ಬ ಮೀನಿನ ಹುಚ್ಚ, "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ," ಎಂದು ಲೊಚಗುಟ್ಟಿದ. ದರ್ಜಿ ಅವನಿಗೆ ಚಹಾ ಕೊಟ್ಟು ಕಳಿಸಿದ.

ಸ್ಪರ್ಧೆಯ ದಿನ ಭಾನುವಾರ. ಅಜ್ಜಿ ಏಳುವಷ್ಟರಲ್ಲಿ ದರ್ಜಿ ಪುಂಡರ ತೊಟ್ಟಿ ಖಾಲಿ ಮಾಡಿದ್ದ. ಮೀನುಗಳನ್ನು ಆ ಪಕ್ಕದ ಬೀದಿಯವನಿಗೆ ಕೊಟ್ಟುಬಂದಿದ್ದ. ಡ್ರಮ್ಮು ಅಂಗಳದಲ್ಲಿತ್ತು. ಗಂಡ ಹೆಂಡತಿ ಸೇರಿ ಅಜ್ಜಿಯ ಮಂಚವನ್ನು, ಅವಳು ಇನ್ನೂ ಹೊದಿಕೆ ಮಡಿಸುತ್ತಿದ್ದಂತೆಯೇ, ಎತ್ತಲು ಬಂದರು.

"ಏನೋ ಇದು?"

"ಮಾತು ಅಂದರೆ ಮಾತು. ಸ್ಪರ್ಧೆಗೆ ಹೋಗ್ತಿಲ್ಲ, ಕಪ್ ಬರಲ್ಲ. ರೂಮು ನಿಂದು. ದೊಡ್ಡ ತೊಟ್ಟಿ ಮಧ್ಯಾಹ್ನ ಅಂಗಡಿಗೆ ಸಾಗಿಸ್ತೀನಿ, ಇಸ್ತ್ರಿ ಮೇಜಿನ ಕೆಳಗೆ ಹಿಡಿಸುತ್ತೆ."

"ರೂಮು ನಂದು ತಾನೆ?"

"ನಿಂದೇ."

"ಹಾಗಾದರೆ ನನ್ನ ರೂಮಲ್ಲಿ ಯಾರು ಇರಬೇಕು ಅಂತ ನಾನು ಹೇಳ್ತೀನಿ. ಬಾಣಂತೀನ ಇಸ್ತ್ರಿ ಮೇಜಿನ ಕೆಳಗೆ ಇಡ್ತೀಯಾ? ಮಂಚ ಆ ಗೋಡೆಗೆ ಹಾಕು. ತೊಟ್ಟಿ ಮುಟ್ಟಿದರೆ ಕೈ ಮುರೀತೀನಿ."

ಸೊಸೆ ಮಂಚದ ಕಾಲು ಹಿಡಿದುಕೊಂಡೇ ನಕ್ಕಳು. ಮಂಚ ಗೋಡೆಗೆ ಹೋಯಿತು.

ಸಂಜೆ ಆರಾಯಿತು. ಯಾರೂ ಕರೆಯಲಿಲ್ಲ, ಆದರೂ ಎಲ್ಲರೂ ಬಂದು ನಿಂತರು. ಅಜ್ಜಿ ಮೊಳೆಯಿಂದ ಬಿಳಿ ಕೋಟು ತೆಗೆದು ಹಾಕಿಕೊಂಡು ಗುಂಡಿ ಹಾಕಿದಳು. ತೊಟ್ಟಿಯ ಮುಂದೆ ಹೋಗಿ ನಿಂತಳು. ದೊರೆ ಅವಳನ್ನು ನೋಡಿದ್ದೇ, ಅಷ್ಟೂ ಮರಿಗಳನ್ನು ಮೈಮೇಲೆ ಹೊತ್ತುಕೊಂಡೇ, ತೊಟ್ಟಿಯ ನಟ್ಟನಡುವೆ ಬಂದು ರೆಕ್ಕೆ ಬಿಚ್ಚಿ ನಿಂತ. ಕಲಿತದ್ದನ್ನು ಮರೆತಿರಲಿಲ್ಲ. ಹರಿದ ಮೈ, ಕಪ್ಪು ಬಣ್ಣ, ಕೆಂಪು ಕಣ್ಣು.

ಮೊಮ್ಮಗಳು ಪ್ಯಾಡ್ ಹಿಡಿದು ಪೆನ್ನಿನ ಮುಚ್ಚಳ ತೆಗೆದಳು. "ಅಜ್ಜಿ, ಎಷ್ಟು ಅಂಕ ಬರೀಲಿ?"

ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ವಾರ್ಡಿನ ಬಾಗಿಲು ತೆರೆದು ಹೇಳುತ್ತಿದ್ದ ಅದೇ ದನಿಯಲ್ಲಿ, ತೊಟ್ಟಿಯ ಕಡೆ ಬೆನ್ನು ಮಾಡಿ, ನಿಂತಿದ್ದ ಮಗನಿಗೆ ಹೇಳಿದಳು.

"ಅಂಕ ಬೇಡ ಪುಟ್ಟಾ. ಬರ್ಕೋ. ತಂದೆ ಮಕ್ಕಳು ಕ್ಷೇಮ."